ಚುಕ್ಕಿ ಪಕ್ಕದ ಚುಕ್ಕಿ ಮತ್ತು ನಮ್ಮ ಬಣ್ಣದ ಡಬ್ಬಿ

ಬಹಳ ದಿನ ಆಯ್ತು ಇಲ್ಲಿ ಏನಾದರೂ ಬರೆದು. ಆಫೀಸಿನಲ್ಲಿ ರಿಲೀಸು, ರಿಲೀಸು ಮುಗಿದ ಮೇಲೆ ಬಗ್ಗು, ಬಗ್ಗು ಮುಗಿಯುವಷ್ಟರಲ್ಲಿ ಮತ್ತೊಂದು ರಿಲೀಸು... ನಿಮ್ಮಲ್ಲಿ ಅರ್ಧ ಜನರಿಗೆ ಇದನ್ನ ವಿವರಿಸಬೇಕಾಗಿಲ್ಲ :) ಆದರೆ ಈ ಸಲ ಊರಿಗೆ ಹೋದಾಗ ನಡೆದ ಒಂದು ಸಣ್ಣ ಘಟನೆ ತಲೆಯಲ್ಲಿ ಕೂತುಬಿಟ್ಟಿದೆ. ಬರೆದು ಹಾಕದಿದ್ದರೆ ಹೋಗೋದಿಲ್ಲ ಅನಿಸಿತು, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮೂರು ಸಿರಸಂಗಿ, ಸವದತ್ತಿ ತಾಲೂಕು. ಕಾಳಿಕಾದೇವಿ ಗುಡಿ ಅಂದರೆ ಕೆಲವರಿಗೆ ಗೊತ್ತಾಗುತ್ತದೆ, ತ್ಯಾಗವೀರ ಲಿಂಗರಾಜ ದೇಸಾಯಿಯವರ ಊರು ಅಂದರೆ ಇನ್ನಷ್ಟು ಜನರಿಗೆ. ಫೆಬ್ರವರಿಯಲ್ಲಿ ಹೋಗಿದ್ದೆ. ಹಿಂಗಾರಿ ಜೋಳದ ರಾಶಿ ನಡೆದಿತ್ತು. ಅಕ್ಕನೂ ಬಂದಿದ್ದಳು, ಜೊತೆಗೆ ಎಂಟನೇ ಇಯತ್ತೆ ಓದುವ ಅವಳ ಮಗಳು. ಫೆಬ್ರವರಿ 28 ವಿಜ್ಞಾನ ದಿನ ಅಲ್ಲವೆ, ಅವಳ ಶಾಲೆಯಲ್ಲಿ ವಿಜ್ಞಾನ ವಸ್ತುಪ್ರದರ್ಶನ ಇತ್ತು. ಝೆರಾಕ್ಸ್ ಅಂಗಡಿಯಲ್ಲಿ ಕಲರ್ ಪ್ರಿಂಟ್ ತೆಗೆಸಿಕೊಂಡು, ಥರ್ಮೋಕೋಲಿಗೆ ಅಂಟಿಸಿ, ಸುತ್ತಲೂ ಚಮಕಿ ಹಚ್ಚಿ, ನಾನು ಬಸ್ಸಿಳಿದು ಮನೆಗೆ ಬಂದು ಚಹಾ ಕುಡಿಯುವ ಮೊದಲೇ ತಂದು ತೋರಿಸಿದಳು.

"ಮಾಮಾ, ಇದು ನೋಡು. ಬ್ಯಾರೆ ಚುಕ್ಕಿ ಸುತ್ತ ತಿರುಗೋ ಗ್ರಹದ್ದು ಖರೇ ಫೋಟೋ. ನಾಸಾದವ್ರು ತಗದಾರ."

ಚಿತ್ರ ಬಹಳ ಚಂದ ಇತ್ತು. ನೀಲಿ ಸಮುದ್ರ, ಬಿಳಿ ಮೋಡ, ಕೆಂಪು ಸೂರ್ಯ, ಹಿಂದೆ ಎರಡು ಚಂದ್ರ. ಕೆಳಗೆ ದಪ್ಪ ಅಕ್ಷರದಲ್ಲಿ "ಎರಡನೇ ಭೂಮಿಯ ನಿಜವಾದ ಫೋಟೋ" ಅಂತ. ಯಾವುದೋ ಸುದ್ದಿ ಚಾನೆಲ್ಲಿನವರು ಹಾಕಿದ್ದು ವಾಟ್ಸಾಪಿನಲ್ಲಿ ಸುತ್ತಿಕೊಂಡು ಅವಳಿಗೆ ಬಂದಿತ್ತು. ನಾನು ಇಂಜಿನಿಯರು ನೋಡಿ, ಬಾಯಿ ಮುಚ್ಚಿಕೊಂಡು ಇರಲಿಲ್ಲ.

"ಇದು ಫೋಟೋ ಅಲ್ಲವ್ವಾ. ಯಾರೋ ಕೂತು ಬರದ ಚಿತ್ರ ಇದು."

ಅವಳ ಮುಖ ಸಣ್ಣದಾಯಿತು. ಆಮೇಲೆ ಅವಳು ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ.

"ಹಂಗಾರ ಎಲ್ಲಾ ಸುಳ್ಳೇನು? ಗ್ರಹಾನ ಇಲ್ಲೇನು?"

ಕಟ್ಟೆ ಮೇಲೆ ಕೂತಿದ್ದ ಅಪ್ಪ, "ಬಿಡೋ ಮಾರಾಯಾ, ಹುಡುಗಿ ಎರಡು ದಿನ ಕುಂತು ಮಾಡೈತಿ, ಚಂದ ಕಾಣತೈತಿ, ಇರ್ಲಿ" ಅಂದರು. ನನಗೆ ಬಿಡಲಾಗಲಿಲ್ಲ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ತಾಳ್ಮೆಯಿಂದ ಓದಿ.

*

ಮೊದಲು ವಿಷಯ. ಸೂರ್ಯನಲ್ಲದ ಬೇರೆ ನಕ್ಷತ್ರಗಳ ಸುತ್ತ ತಿರುಗುವ ಗ್ರಹಗಳ ಪಟ್ಟಿ 2025ರ ಸೆಪ್ಟೆಂಬರಿನಲ್ಲಿ 6000 ದಾಟಿತು. ಆದರೆ ಅವುಗಳಲ್ಲಿ ನೇರವಾಗಿ ಚಿತ್ರ ತೆಗೆದಿರುವುದು 100ಕ್ಕೂ ಕಡಿಮೆ. ಉಳಿದವೆಲ್ಲ ಪರೋಕ್ಷವಾಗಿ ಸಿಕ್ಕವು. ಗ್ರಹ ಅಡ್ಡ ಬಂದಾಗ ನಕ್ಷತ್ರದ ಬೆಳಕು ಒಂಚೂರು ಕಡಿಮೆಯಾಗಿದ್ದು, ಗ್ರಹದ ಎಳೆತಕ್ಕೆ ನಕ್ಷತ್ರ ಒಂಚೂರು ಅಲುಗಾಡಿದ್ದು, ಇಂಥ ಲಕ್ಷಣಗಳಿಂದ. ಅಂದರೆ 6000ದಲ್ಲಿ 5900ಕ್ಕೆ ಫೋಟೋನೇ ಇಲ್ಲ. ಪೇಪರಿನಲ್ಲಿ, ಟಿವಿಯಲ್ಲಿ ಮಾತ್ರ ಪ್ರತಿಯೊಂದಕ್ಕೂ ಒಂದು ಬಣ್ಣದ ಫೋಟೋ ಇದ್ದೇ ಇರುತ್ತದೆ!

ಫೋಟೋ ತೆಗೆಯುವುದು ಅಷ್ಟು ಕಷ್ಟ ಯಾಕೆ? ಬೇರೆ ಎಲ್ಲೋ ನಿಂತು ನೋಡಿದರೆ ನಮ್ಮ ಸೂರ್ಯ ನಮ್ಮ ಭೂಮಿಗಿಂತ ಸುಮಾರು 1000 ಕೋಟಿ ಪಟ್ಟು ಪ್ರಕಾಶಮಾನ. ಗುರುಗ್ರಹಕ್ಕೆ ಹೋಲಿಸಿದರೂ 100 ಕೋಟಿ ಪಟ್ಟು. ಸಾಲದ್ದಕ್ಕೆ ಎರಡೂ ಅಂಟಿಕೊಂಡಂತೆ ಇರುತ್ತವೆ. ಇಂಥ ಗ್ರಹಗಳು ತಮ್ಮ ನಕ್ಷತ್ರದಿಂದ ಒಂದು ಆರ್ಕ್‌ಸೆಕೆಂಡ್ ಆಸುಪಾಸಿನ ದೂರದಲ್ಲಿ ಕಾಣುತ್ತವೆ. ಒಂದು ಆರ್ಕ್‌ಸೆಕೆಂಡ್ ಅಂದರೆ 20 ಕಿಲೋಮೀಟರ್ ದೂರದಿಂದ ನೋಡಿದ 10 ಸೆಂಟಿಮೀಟರ್. ನಮ್ಮೂರ ಹೊಲದಲ್ಲಿ ನಿಂತಿದ್ದೀರಿ, ಯಲ್ಲಮ್ಮನ ಗುಡ್ಡದ ದಿಕ್ಕಿಗೆ 20 ಕಿಲೋಮೀಟರ್ ಆಚೆ ಒಂದು ದೊಡ್ಡ ಫ್ಲಡ್ ಲೈಟ್ ಉರಿಯುತ್ತಿದೆ, ಅದರ ಪಕ್ಕ ಅರ್ಧ ಗೇಣು ದೂರದಲ್ಲಿ ಒಂದು ಮಿಂಚುಹುಳು ಕೂತಿದೆ. ಅದನ್ನ ನೋಡಬೇಕು. ಇಷ್ಟೇ ಕೆಲಸ :)

ಇದಕ್ಕೆ ಉಪಾಯ ಏನು? ನಮ್ಮ ಅಮ್ಮ ಬಿಸಿಲಲ್ಲಿ ದೂರ ಬರುವವರು ಯಾರು ಅಂತ ನೋಡಲು ಏನು ಮಾಡುತ್ತಿದ್ದಳೋ ಅದೇ. ಹಣೆಯ ಮೇಲೆ ಕೈ ಅಡ್ಡ ಹಿಡಿಯುವುದು. 1930ರ ಸುಮಾರಿಗೆ ಫ್ರಾನ್ಸಿನ ಬರ್ನಾರ್ ಲಿಯೋ ಅನ್ನುವವರು ದೂರದರ್ಶಕದ ಒಳಗೇ ಇಂಥ ಒಂದು "ಕೈ" ಇಟ್ಟರು. ಗ್ರಹಣ ಇಲ್ಲದಿದ್ದಾಗಲೂ ಸೂರ್ಯನ ಕರೋನಾ ನೋಡುವುದು ಅವರ ಉದ್ದೇಶ. ಅದಕ್ಕೇ ಅದರ ಹೆಸರು ಕರೋನಾಗ್ರಾಫ್. ಅದೇ ಉಪಕರಣವನ್ನ ಬೇರೆ ನಕ್ಷತ್ರಗಳ ಕಡೆ ತಿರುಗಿಸಿದ್ದು ಆಮೇಲಿನ ಕತೆ.

ಈ ಕರೋನಾಗ್ರಾಫ್ ಅನ್ನೋದು ಅಮೆರಿಕ, ಫ್ರಾನ್ಸಿನ ಮಾತಷ್ಟೇ ಅಂದುಕೊಳ್ಳಬೇಡಿ. ಬೆಂಗಳೂರಿನಿಂದ ಆಚೆ ಹೊಸಕೋಟೆಯಲ್ಲಿ ಭಾರತೀಯ ಖಭೌತ ಸಂಸ್ಥೆಯ ಕ್ಯಾಂಪಸ್ ಇದೆ. ಆದಿತ್ಯ ಎಲ್-1 ನೌಕೆಯಲ್ಲಿರುವ ದೊಡ್ಡ ಉಪಕರಣ ವೆಲ್ಕ್ ತಯಾರಾಗಿದ್ದು ಅಲ್ಲೇ. ಅದೂ ಕರೋನಾಗ್ರಾಫೇ. 2023ರ ಸೆಪ್ಟೆಂಬರ್ 2ರಂದು ಹಾರಿ, 2024ರ ಜನವರಿ 6ಕ್ಕೆ 15 ಲಕ್ಷ ಕಿಲೋಮೀಟರ್ ದೂರದ ತನ್ನ ಜಾಗ ಸೇರಿತು. ಸೂರ್ಯನ ಬಿಲ್ಲೆಯನ್ನ ಮುಚ್ಚಿ, ಅದಕ್ಕಿಂತ ಸುಮಾರು 10 ಲಕ್ಷ ಪಟ್ಟು ಮಂದವಾದ ಕರೋನಾವನ್ನ ನೋಡುವುದು ಅದರ ಕೆಲಸ. ಇಂಥ ಉಪಕರಣದ ಕನ್ನಡಿ ಮೇಲೆ ಒಂದು ಕಣ ಧೂಳು ಕೂತರೂ ಅದು ಬೆಳಕು ಚೆದುರಿಸಿ ಎಲ್ಲ ಹಾಳು ಮಾಡುತ್ತದೆ. ಅದಕ್ಕೇ ಅಂಥ ಸ್ವಚ್ಛ ಕೋಣೆಯಲ್ಲಿ ಕೂತು ಜೋಡಿಸುತ್ತಾರೆ. ಹೊಸಕೋಟೆ ಅಂದರೆ ಬಿರಿಯಾನಿ ಮಾತ್ರ ಅಂತ ತಿಳಿದಿದ್ದ ನನ್ನಂಥವರು ಇದನ್ನೂ ತಿಳಿದಿರಬೇಕು.

*

ಆ ರಾತ್ರಿ ಊಟ ಆದ ಮೇಲೆ ಅವಳನ್ನ ಹೊಲಕ್ಕೆ ಕರೆದುಕೊಂಡು ಹೋದೆ. ಜೋಳದ ರಾಶಿ ಕಾಯಲು ಹೇಗೂ ಯಾರಾದರೂ ಹೋಗಲೇಬೇಕಿತ್ತು. ಒಂಬತ್ತು ಗಂಟೆ. ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ದಿಗಂತದಿಂದ ಎರಡು ಮುಷ್ಟಿ ಮೇಲೆ ಒಂದು ದೊಡ್ಡ ಬಿಳಿ ಚುಕ್ಕಿ. ಅಗಸ್ತ್ಯ. ಇಡೀ ರಾತ್ರಿ ಆಕಾಶದಲ್ಲಿ ಹೊಳಪಿನಲ್ಲಿ ಎರಡನೇ ನಕ್ಷತ್ರ. ಲಂಡನ್ನಿನವರಿಗೆ, ಪ್ಯಾರಿಸ್ಸಿನವರಿಗೆ ಇದು ಕಾಣುವುದೇ ಇಲ್ಲ, ನಮಗೆ ಪುಕ್ಕಟೆ ಕಾಣುತ್ತದೆ.

ಅಗಸ್ತ್ಯನ ಬಲಕ್ಕೆ ಕೈ ಚಾಚಿ ಮೂರು ಬೆರಳಿಗಿಂತ ಸ್ವಲ್ಪ ಜಾಸ್ತಿ ಅಳೆದರೆ ಒಂದು ಮಬ್ಬು ಚುಕ್ಕಿ ಸಿಗುತ್ತದೆ. ಅದು ಬೀಟಾ ಪಿಕ್ಟೋರಿಸ್. ನಮ್ಮಿಂದ 63 ಜ್ಯೋತಿರ್ವರ್ಷ ದೂರ. ವಯಸ್ಸು ಸುಮಾರು 2 ಕೋಟಿ ವರ್ಷ, ಅಂದರೆ ನಕ್ಷತ್ರಗಳ ಲೆಕ್ಕದಲ್ಲಿ ಇನ್ನೂ ತೊಟ್ಟಿಲ ಕೂಸು. ಸೂರ್ಯನಿಗೆ 460 ಕೋಟಿ ವರ್ಷ.

1983ರಲ್ಲಿ ಐರಾಸ್ ಅನ್ನೋ ಉಪಗ್ರಹ ಆಕಾಶವನ್ನೆಲ್ಲ ಅವಕೆಂಪು ಕಿರಣದಲ್ಲಿ ನೋಡಿತು. ಆಗ ಕೆಲವು ನಕ್ಷತ್ರಗಳು ಇರಬೇಕಾದ್ದಕ್ಕಿಂತ ಹೆಚ್ಚು ಶಾಖ ಸೂಸುವುದು ಕಂಡಿತು. ಮೊದಲು ಕಂಡಿದ್ದು ನಮ್ಮ ಅಭಿಜಿತ್ ನಕ್ಷತ್ರದಲ್ಲಿ. ಆಮೇಲೆ ಫೋಮಲ್‌ಹಾಟ್, ಬೀಟಾ ಪಿಕ್ಟೋರಿಸ್ ಮುಂತಾದವು. ನಕ್ಷತ್ರದ ಸುತ್ತ ಬೆಚ್ಚಗಿನ ಧೂಳು ಇದೆ ಅಂತ ಅರ್ಥ. 1984ರಲ್ಲಿ ಬ್ರ್ಯಾಡ್‌ಫರ್ಡ್ ಸ್ಮಿತ್ ಮತ್ತು ರಿಚರ್ಡ್ ಟೆರಿಲ್ ಅನ್ನುವ ಇಬ್ಬರು ಚಿಲಿ ದೇಶದ ಲಾಸ್ ಕಂಪಾನಾಸ್ ವೀಕ್ಷಣಾಲಯದಲ್ಲಿ ಬೀಟಾ ಪಿಕ್ಟೋರಿಸ್ ನಕ್ಷತ್ರವನ್ನ ಕರೋನಾಗ್ರಾಫಿನಿಂದ ಮುಚ್ಚಿ ಚಿತ್ರ ತೆಗೆದರು. ಎರಡೂ ಕಡೆ ತೆಳ್ಳಗೆ ಚಾಚಿಕೊಂಡ ಧೂಳಿನ ತಟ್ಟೆ, ಅಂಚಿನಿಂದ ನೋಡಿದ ಹಾಗೆ. ಸೂರ್ಯ-ಭೂಮಿಯ ನಡುವಿನ ದೂರದ 400 ಪಟ್ಟು ದೂರದವರೆಗೆ. ಇನ್ನೊಂದು ನಕ್ಷತ್ರದ ಸುತ್ತ ಗ್ರಹ ಕಟ್ಟುವ ಸಾಮಾನನ್ನ ಮನುಷ್ಯ ಮೊದಲ ಸಲ ಕಂಡಿದ್ದು ಹಾಗೆ.

"ಗ್ರಹ ಕಾಣೂದಿಲ್ಲ, ಧೂಳ ಹೆಂಗ ಕಾಣತೈತಿ ಮಾಮಾ? ಧೂಳ ಗ್ರಹಕ್ಕಿಂತ ಸಣ್ಣದಲ್ಲ?" ಅಂದಳು. ಪ್ರಶ್ನೆ ಸರಿಯಾಗೇ ಇದೆ ಅಲ್ಲವೆ?

ಅವತ್ತು ಸಂಜೆ ಕಣದಲ್ಲಿ ರಾಶಿ ಮಷೀನು ಓಡುತ್ತಿದ್ದಾಗ ಅವಳೂ ಅಲ್ಲಿದ್ದಳು. ಇಳಿಹೊತ್ತಿನ ಬಿಸಿಲಿಗೆ ಹೊಟ್ಟಿನ ಧೂಳು ಇಡೀ ಹೊಲದ ಮೇಲೆ ಬಂಗಾರದ ಮೋಡದ ಹಾಗೆ ಎದ್ದಿತ್ತು. ರಸ್ತೆಯಿಂದಲೇ ಕಾಣುತ್ತಿತ್ತು. ಅಲ್ಲೇ ಬಿದ್ದಿದ್ದ ಮಣ್ಣಿನ ಹೆಂಟೆ ರಸ್ತೆಯಿಂದ ಕಾಣುತ್ತಿತ್ತೇ? ಇಲ್ಲ. ಒಂದು ಹೆಂಟೆಯನ್ನ ಕುಟ್ಟಿ ಪುಡಿ ಮಾಡಿ ತೂರಿದರೆ ಅದರ ಬೆಳಕು ಹಿಡಿಯುವ ಮೈ ಸಾವಿರಾರು ಪಟ್ಟು ಹೆಚ್ಚುತ್ತದೆ. ಧೂಳು ಕಾಣುವುದಕ್ಕೆ ಅದೇ ಕಾರಣ. ಇನ್ನೊಂದು ಮಾತು. ಮಷೀನು ನಿಲ್ಲಿಸಿದರೆ ಸ್ವಲ್ಪ ಹೊತ್ತಿಗೆ ಧೂಳು ಹೋಗಿಬಿಡುತ್ತದೆ. ಅಲ್ಲೂ ಹಾಗೇ. ನಕ್ಷತ್ರದ ಬೆಳಕೇ ಸಣ್ಣ ಕಣಗಳನ್ನ ಹೊರಕ್ಕೆ ತಳ್ಳಿಬಿಡುತ್ತದೆ, ಉಳಿದವು ನಿಧಾನಕ್ಕೆ ಒಳಕ್ಕೆ ಸುತ್ತಿ ಬೀಳುತ್ತವೆ. ಆದರೂ ಧೂಳು ಇದೆ ಅಂದರೆ ಮಷೀನು ಇನ್ನೂ ಓಡುತ್ತಿದೆ ಅಂತ. ಅಂದರೆ ಕಾಣದ ಬಂಡೆಗಳು, ಧೂಮಕೇತುಗಳು ಅಲ್ಲಿ ಈಗಲೂ ಡಿಕ್ಕಿ ಹೊಡೆಯುತ್ತಿವೆ.

ಹೀಗೆ ಧೂಳು ನೋಡಿ ಊಹೆ ಮಾಡಿದ ಜಾಗದಲ್ಲಿ ಆಮೇಲೆ ಗ್ರಹವೂ ಸಿಕ್ಕಿತು. 2003ರಲ್ಲಿ ತೆಗೆದ ಚಿತ್ರದಲ್ಲಿ ಒಂದು ಚುಕ್ಕಿ ಇದೆ ಅಂತ 2008ರಲ್ಲಿ ಆನ್-ಮರಿ ಲಗ್ರಾಂಜ್ ಅವರ ತಂಡ ಹೇಳಿತು. ಆದರೆ ಅದು ಹಿಂದಿನ ಯಾವುದೋ ನಕ್ಷತ್ರವೂ ಆಗಿರಬಹುದಲ್ಲ? ಕಾದರು. ಚುಕ್ಕಿ ಮಾಯವಾಯಿತು. ಮತ್ತೆ ಕಾದರು. ಅದು ನಕ್ಷತ್ರದ ಆ ಕಡೆಯಿಂದ ಈ ಕಡೆಗೆ ಸುತ್ತಿ ಬಂದಿದ್ದು ಕಂಡು, 2010ರಲ್ಲಿ ಹೌದು ಇದು ಗ್ರಹ ಅಂತ ಪ್ರಕಟಿಸಿದರು. ಒಂದು ಚುಕ್ಕಿಗೆ ಏಳು ವರ್ಷ!

*

ಈಗ ನಮ್ಮ ವೃತ್ತಿಯವರಿಗೆ ಒಂದಿಷ್ಟು ಮಸಾಲೆ. ಕರೋನಾಗ್ರಾಫ್ ಇಟ್ಟ ಮೇಲೂ ನಕ್ಷತ್ರದ ಬೆಳಕು ಪೂರ್ತಿ ಹೋಗುವುದಿಲ್ಲ. ಕನ್ನಡಿಯ ಸಣ್ಣ ದೋಷ, ಗಾಳಿಯ ಅಲುಗಾಟ ಎಲ್ಲ ಸೇರಿ ಸುತ್ತಲೂ ನೂರಾರು ಮಚ್ಚೆ ಬೀಳುತ್ತವೆ. ಪ್ರತಿ ಮಚ್ಚೆಯೂ ಗ್ರಹದ ಹಾಗೇ ಕಾಣುತ್ತದೆ. ಇದನ್ನ ತೆಗೆಯುವುದು ಸಾಫ್ಟ್‌ವೇರಿನ ಕೆಲಸ.

ಸವದತ್ತಿಯಿಂದ ಧಾರವಾಡಕ್ಕೆ ಬಸ್ಸಿನಲ್ಲಿ ಹೋಗುವಾಗ ಕಿಟಕಿಯ ಗಾಜಿನ ಮೇಲೆ ಗೀರುಗಳಿರುತ್ತವೆ ನೋಡಿ. ಬಸ್ಸು ಓಡಿದಂತೆ ಹೊರಗಿನ ಗಿಡಗಳು ಸರಿಯುತ್ತವೆ, ಗೀರು ಮಾತ್ರ ಅಲ್ಲೇ ಇರುತ್ತದೆ. ಹತ್ತು ಫೋಟೋ ತೆಗೆದು ಹೋಲಿಸಿದರೆ ಯಾವುದು ಗೀರು, ಯಾವುದು ಗಿಡ ಗೊತ್ತಾಗಿಬಿಡುತ್ತದೆ. ಇದೇ ಉಪಾಯ. ಭೂಮಿ ತಿರುಗುವುದರಿಂದ ಆಕಾಶ ಕ್ಯಾಮೆರಾದ ಮುಂದೆ ನಿಧಾನಕ್ಕೆ ಸುತ್ತುವಂತೆ ಬಿಡುತ್ತಾರೆ. ದೂರದರ್ಶಕದ ದೋಷದ ಮಚ್ಚೆ ಬಹುಮಟ್ಟಿಗೆ ಇದ್ದಲ್ಲೇ ಇರುತ್ತದೆ, ಗ್ರಹ ಇದ್ದರೆ ಸುತ್ತುತ್ತದೆ. ಇದ್ದಲ್ಲೇ ಇದ್ದದ್ದನ್ನ ಕಳೆದುಬಿಟ್ಟರೆ ಉಳಿದದ್ದು ಗ್ರಹ.

2008ರ ನವೆಂಬರಿನಲ್ಲಿ ಎಚ್‌ಆರ್ 8799 ಅನ್ನುವ ನಕ್ಷತ್ರದ ಸುತ್ತ ಮೂರು ಗ್ರಹಗಳ ಚಿತ್ರ ಪ್ರಕಟವಾಗಿದ್ದು ಇದೇ ವಿಧಾನದಿಂದ, ಹವಾಯಿಯ ಕೆಕ್ ಮತ್ತು ಜೆಮಿನಿ ದೂರದರ್ಶಕಗಳಲ್ಲಿ. 2010ರಲ್ಲಿ ನಾಲ್ಕನೆಯದೂ ಸಿಕ್ಕಿತು. ಮಜಾ ಏನು ಗೊತ್ತೆ? ಹಬಲ್ ದೂರದರ್ಶಕ ಇದೇ ನಕ್ಷತ್ರದ ಚಿತ್ರವನ್ನ 1998ರಲ್ಲೇ ತೆಗೆದಿತ್ತು. ಕಡತದಲ್ಲಿ ಬಿದ್ದಿತ್ತು. 2009ರಲ್ಲಿ ಹೊಸ ಕೋಡ್ ಓಡಿಸಿದಾಗ ಅದರಲ್ಲಿ ಒಂದು ಗ್ರಹ ಸಿಕ್ಕಿತು, 2011ರಲ್ಲಿ ಇನ್ನೂ ಒಳ್ಳೆಯ ಕೋಡಿನಿಂದ ಮೂರು. ಹತ್ತು ವರ್ಷ ಎಲ್ಲರ ಕಣ್ಣೆದುರು ಇದ್ದೂ ಕಾಣದೆ ಕೂತಿದ್ದವು!

ಈ ಡೇಟಾ ಎಲ್ಲ ಪುಕ್ಕಟೆ ಸಿಗುತ್ತದೆ. ಪೈಕ್ಲಿಪ್, ವಿಐಪಿ ಅಂತ ಮುಕ್ತ ತಂತ್ರಾಂಶಗಳೂ ಇವೆ. ನಾನೂ ಒಂದು ಭಾನುವಾರ ಕೂತು, ಯಾವುದನ್ನೂ ಸರಿಯಾಗಿ ಓದದೆ, ನನ್ನದೇ ಪೈಥಾನ್ ಕೋಡ್ ಬರೆದು ಎಚ್‌ಆರ್ 8799 ಮೇಲೆ ಓಡಿಸಿದೆ. ನನಗೆ ಏಳು ಗ್ರಹ ಸಿಕ್ಕವು. ಇರುವುದು ನಾಲ್ಕು :) ಆ ಏಳರಲ್ಲಿ ಎರಡು ಮಾತ್ರ ನಿಜವಾದವು. ಉಳಿದ ಐದು ನನ್ನ ಕೋಡಿನ ಕೊಡುಗೆ. ಅವತ್ತು ನನಗೆ ಅರ್ಥವಾಗಿದ್ದು ಇಷ್ಟು: ಈ ಕೆಲಸದಲ್ಲಿ ಚುಕ್ಕಿ ಕಾಣುವುದು ಸುಲಭ, ಕಂಡ ಚುಕ್ಕಿಯನ್ನ ನಂಬದೇ ಇರುವುದು ಕಷ್ಟ.

*

ಈಗ ನನ್ನ ತಕರಾರಿಗೆ ಬರುತ್ತೇನೆ.

ಎಚ್‌ಆರ್ 8799 ಪ್ರಕಟವಾದ ದಿನವೇ ಇನ್ನೊಂದು ದೊಡ್ಡ ಸುದ್ದಿಯೂ ಬಂದಿತ್ತು. 25 ಜ್ಯೋತಿರ್ವರ್ಷ ದೂರದ ಫೋಮಲ್‌ಹಾಟ್ ನಕ್ಷತ್ರದ ಧೂಳಿನ ಉಂಗುರದ ಪಕ್ಕ ಒಂದು ಗ್ರಹ. ಹಬಲ್ಲಿನ 2004 ಮತ್ತು 2006ರ ಚಿತ್ರಗಳಲ್ಲಿ ಅದು ಸರಿದಿದ್ದೂ ಕಂಡಿತ್ತು. 2015ರಲ್ಲಿ ಅದಕ್ಕೆ ಡೇಗನ್ ಅಂತ ಹೆಸರೂ ಇಟ್ಟರು. ಆಮೇಲೆ ಏನಾಯಿತು? ಚುಕ್ಕಿ ವರ್ಷದಿಂದ ವರ್ಷಕ್ಕೆ ಮಸುಕಾಗುತ್ತಾ, ಹರಡುತ್ತಾ ಹೋಯಿತು. 2014ರ ಚಿತ್ರದಲ್ಲಿ ಕಾಣಲೇ ಇಲ್ಲ. ಇದು ಗ್ರಹ ಅಲ್ಲ, ಎರಡು ದೊಡ್ಡ ಬಂಡೆ ಡಿಕ್ಕಿ ಹೊಡೆದು ಎದ್ದ ಧೂಳಿನ ಮೋಡ ಅಂತ 2020ರಲ್ಲಿ ಇಬ್ಬರು ವಿಜ್ಞಾನಿಗಳು ಲೆಕ್ಕ ಸಮೇತ ಹೇಳಿದರು. 2023ರ ಹಬಲ್ ಚಿತ್ರದಲ್ಲಿ ಅಲ್ಲೇ ಹತ್ತಿರ ಇನ್ನೊಂದು ಹೊಸ ಚುಕ್ಕಿ ಕಂಡಿತು. ಅದು ಮತ್ತೊಂದು ಡಿಕ್ಕಿಯ ಧೂಳು ಅಂತ 2025ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ಅದನ್ನ ಬರೆದ ತಂಡದ ಮುಂದಾಳು ಯಾರು? 2008ರಲ್ಲಿ ಗ್ರಹ ಅಂತ ಹೇಳಿದ್ದ ಪಾಲ್ ಕಾಲಸ್ ಅವರೇ!

ನನ್ನ ಪ್ರಕಾರ ಇದು ವಿಜ್ಞಾನದ ಸೋಲಲ್ಲ, ಬಹಳ ದೊಡ್ಡ ಗೆಲುವು. ಗ್ರಹಕ್ಕಿಂತ ಅಪರೂಪದ್ದು ಸಿಕ್ಕಿದೆ. ಇನ್ನೊಂದು ಲೋಕದಲ್ಲಿ ಬಂಡೆಗಳು ಡಿಕ್ಕಿ ಹೊಡೆದಿದ್ದು ಕಣ್ಣಾರೆ ಕಂಡಿದೆ. ಆದರೆ ಇದನ್ನ ನಮ್ಮ ಓದುಗರಿಗೆ ಹೇಗೆ ಹೇಳುವುದು? 2008ರಲ್ಲಿ ಚುಕ್ಕಿ ತೋರಿಸಿ, "ಇದು ಗ್ರಹ ಇರಬಹುದು ಅನ್ನುತ್ತಿದ್ದಾರೆ" ಅಂದಿದ್ದರೆ, ಇವತ್ತು "ನೋಡಿ, ಆ ಚುಕ್ಕಿ ಧೂಳಂತೆ" ಅಂದಾಗ ಓದುಗ "ಓ ಹೌದಾ" ಅಂತ ಮುಂದೆ ಓದುತ್ತಾನೆ. ಉಂಗುರ, ಚಂದ್ರ, ಬಣ್ಣದ ಪಟ್ಟೆ ಎಲ್ಲ ಇರುವ ಗ್ರಹವನ್ನೇ "ಫೋಟೋ" ಅಂತ ತೋರಿಸಿದ್ದರೆ? ಅಂಥ ಗ್ರಹ ಮಾಯವಾದಾಗ ಓದುಗನಿಗೆ ಅನಿಸುವುದು ಒಂದೇ. ಇವರೆಲ್ಲ ಸುಳ್ಳುಗಾರರು.

ಅಕ್ಕನ ಮಗಳು ಕೇಳಿದ್ದು ಅದನ್ನೇ ಅಲ್ಲವೆ? "ಹಂಗಾರ ಎಲ್ಲಾ ಸುಳ್ಳೇನು?" ಅವಳು ಒಂದು ಚಿತ್ರವನ್ನ ಅನುಮಾನಿಸಲಿಲ್ಲ, ಇಡೀ ವಿಷಯವನ್ನೇ ಅನುಮಾನಿಸಿದಳು. ಚಂದ್ರನ ಮೇಲೆ ಮನುಷ್ಯ ಇಳಿದೇ ಇಲ್ಲ ಅನ್ನುವ ವಿಡಿಯೋ ಅವಳ ಫೋನಿಗೂ ಬರುತ್ತದೆ. ಅದನ್ನ ನಂಬಲು ಬೇಕಾದ ನೆಲವನ್ನ ನಾವೇ ಹದ ಮಾಡಿ ಕೊಡುತ್ತಿದ್ದೇವೆ.

ಇಲ್ಲಿ ತಪ್ಪು ಬರೀ ಟಿವಿಯವರದ್ದಲ್ಲ. ಅಂಥ ಚಿತ್ರಗಳ ಕೆಳಗೆ ನಾಸಾದವರು, ಯುರೋಪಿನವರು "ಕಲಾವಿದರ ಕಲ್ಪನೆ" ಅಂತ ಬರೆದೇ ಇರುತ್ತಾರೆ. ಇಂಗ್ಲಿಷಿನಿಂದ ಕನ್ನಡಕ್ಕೆ ಬರುವಾಗ ಚಿತ್ರ ಬರುತ್ತದೆ, ಆ ಒಂದು ಸಾಲು ಮಾತ್ರ ದಾರಿಯಲ್ಲೇ ಬಿದ್ದುಹೋಗುತ್ತದೆ. ಬೀಳಿಸುವವರು ಯಾರು? ನಾವೇ, ಅಂದರೆ ಕನ್ನಡದಲ್ಲಿ ವಿಜ್ಞಾನ ಬರೆಯುವವರು. ಈ ಬ್ಲಾಗಿನ ಹಳೇ ಪುಟಗಳನ್ನ ತಿರುಗಿಸಿ ನೋಡಿದೆ. ಎರಡು ಕಡೆ ನಾನೂ ಹಾಗೇ ಮಾಡಿದ್ದೆ! ಇವತ್ತು ಸರಿ ಮಾಡಿದ್ದೇನೆ. ಬೇರೆಯವರಿಗೆ ಬೈಯುವ ಮೊದಲು ನಮ್ಮ ಅಂಗಳ ಗುಡಿಸಬೇಕಲ್ಲ.

*

ಇದನ್ನ ಆಫೀಸಿನ ಗೆಳೆಯನೊಬ್ಬನಿಗೆ ಹೇಳಿದೆ. ಅವನೂ ಕನ್ನಡದಲ್ಲಿ ಬರೆಯುತ್ತಾನೆ. "ನಿನ್ನ ನಾಲ್ಕು ಚುಕ್ಕಿ ನೋಡೋಕೆ ಯಾರು ಬರ್ತಾರಪ್ಪಾ? ಬಣ್ಣ ಇದ್ರೆ ತಾನೆ ಹುಡುಗರು ತಿರುಗಿ ನೋಡೋದು" ಅಂದ. ಮಾತಿನಲ್ಲಿ ಅರ್ಥ ಇದೆ. ನಾನೂ ಚಿಕ್ಕವನಿದ್ದಾಗ ಬಣ್ಣದ ಚಿತ್ರ ನೋಡಿಯೇ ಈ ಹುಚ್ಚು ಹಚ್ಚಿಕೊಂಡಿದ್ದು.

ಇನ್ನೊಂದು ಮಾತನ್ನೂ ಅವನು ಕೇಳಿದ. "ನಿನ್ನ ನಿಜವಾದ ಫೋಟೋ ಮಾತ್ರ ನಿಜಾನಾ?" ಇದು ಇನ್ನೂ ಗಟ್ಟಿ ಪ್ರಶ್ನೆ. ಅವಕೆಂಪು ಕಿರಣ ಕಣ್ಣಿಗೆ ಕಾಣುವುದೇ ಇಲ್ಲ, ಆದ್ದರಿಂದ ಅಂಥ ಚಿತ್ರದಲ್ಲಿ ಕಾಣುವ ನೀಲಿ, ಕಿತ್ತಳೆ ಬಣ್ಣ ವಿಜ್ಞಾನಿಗಳು ಹಚ್ಚಿದ್ದು. ನಕ್ಷತ್ರದ ಬೆಳಕನ್ನ ಅಳಿಸಿರುತ್ತಾರೆ, ಅದು ಇದ್ದ ಜಾಗದಲ್ಲಿ ಒಂದು ನಕ್ಷತ್ರದ ಗುರುತು ಅಂಟಿಸಿರುತ್ತಾರೆ. ಮಚ್ಚೆಗಳನ್ನ ಕಳೆದಿರುತ್ತಾರೆ. ಹಾಗಾದರೆ ವ್ಯತ್ಯಾಸ ಏನು?

ವ್ಯತ್ಯಾಸ ಇದೆ. ಆ ಚಿತ್ರದಲ್ಲಿ ಏನೇನು ಮಾಡಿದ್ದೇವೆ ಅಂತ ಅವರು ಒಂದೊಂದಾಗಿ ಬರೆದಿರುತ್ತಾರೆ. ಅನುಮಾನ ಇದ್ದವರು ಅದೇ ಕಚ್ಚಾ ಡೇಟಾ ಇಳಿಸಿಕೊಂಡು ಮತ್ತೆ ಮಾಡಿ ನೋಡಬಹುದು. ನನ್ನಂಥ ಅಡ್ಡಕಸಬಿಯೂ ಏಳರಲ್ಲಿ ಎರಡನ್ನ ಹಿಡಿದೆನಲ್ಲ! ನೀಲಿ ಸಮುದ್ರದ ಚಿತ್ರವನ್ನ ಯಾರೂ ಮತ್ತೆ ಮಾಡಿ ನೋಡಲು ಆಗುವುದಿಲ್ಲ. ಅದು ಬರೆದವರ ತಲೆಯಲ್ಲಿ ಮಾತ್ರ ಇದೆ. ಸೂರ್ಯನಂಥ ನಕ್ಷತ್ರದ ಸುತ್ತ ತಿರುಗುವ ಭೂಮಿಯಂಥ ಗ್ರಹದ ಒಂದೇ ಒಂದು ನೇರ ಚಿತ್ರವೂ ಇನ್ನೂ ಜಗತ್ತಿನಲ್ಲಿ ಇಲ್ಲ. 2025ರ ಜೂನಿನಲ್ಲಿ ಜೇಮ್ಸ್ ವೆಬ್ ದೂರದರ್ಶಕ ಟಿಡಬ್ಲ್ಯೂಎ 7 ಅನ್ನುವ ನಕ್ಷತ್ರದ ಧೂಳಿನ ಉಂಗುರಗಳ ನಡುವೆ ಹಿಡಿದ ಗ್ರಹವೂ ಸುಮಾರು ಶನಿಯಷ್ಟು ತೂಕದ್ದು. ಅದೇ ವರ್ಷ ಆಗಸ್ಟಿನಲ್ಲಿ ಆಲ್ಫಾ ಸೆಂಟಾರಿ ಎ ಪಕ್ಕ, ನಮ್ಮಿಂದ ಬರೀ 4 ಜ್ಯೋತಿರ್ವರ್ಷ ದೂರದಲ್ಲಿ, ಒಂದು ಚುಕ್ಕಿ ಕಂಡ ಸುದ್ದಿ ಬಂತು. 2024ರ ಆಗಸ್ಟಿನಲ್ಲಿ ಕಂಡಿದ್ದು, 2025ರ ಫೆಬ್ರವರಿ, ಏಪ್ರಿಲ್‌ನಲ್ಲಿ ನೋಡಿದರೆ ಇಲ್ಲ. ಸುತ್ತುತ್ತಾ ನಕ್ಷತ್ರಕ್ಕೆ ತೀರಾ ಹತ್ತಿರ ಹೋಗಿರಬಹುದು ಅಂದರು, ಆದರೆ "ಗ್ರಹ" ಅನ್ನಲಿಲ್ಲ, "ಅಭ್ಯರ್ಥಿ" ಅಂದರು. ನಮ್ಮ ಕೆಲವು ಕಡೆ ಅವತ್ತೇ "ಪಕ್ಕದ ಮನೆಯಲ್ಲಿ ಹೊಸ ಗ್ರಹ ಪತ್ತೆ" ಅಂತ ಬಂತು, ಜೊತೆಗೆ ಬಣ್ಣದ ಚಿತ್ರ. ಅಭ್ಯರ್ಥಿಗೂ ಗೆದ್ದವನಿಗೂ ವ್ಯತ್ಯಾಸ ಏನು ಅಂತ ನಮ್ಮ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ :)

ಬಣ್ಣ ಬೇಡ ಅನ್ನುತ್ತಿಲ್ಲ ನಾನು. ಬಣ್ಣದ ಪಕ್ಕ ಚುಕ್ಕಿಯನ್ನೂ ಇಡಿ, ಯಾವುದು ಯಾವುದು ಅಂತ ಬರೆಯಿರಿ ಅನ್ನುತ್ತಿದ್ದೇನೆ. ಕನ್ನಡದಲ್ಲಿ ವಿಜ್ಞಾನ ಬರೆಯುವ ಗೆಳೆಯರಲ್ಲಿ ನನ್ನದು ಮೂರೇ ವಿನಂತಿ:

ಒಂದು, ಚಿತ್ರ ಕಲಾವಿದರದ್ದಾದರೆ "ಕಲಾವಿದರ ಕಲ್ಪನೆ" ಅಂತ ಚಿತ್ರದ ಮೇಲೇ ಬರೆಯಿರಿ. ಕೆಳಗೆ ಬರೆದರೆ ವಾಟ್ಸಾಪಿಗೆ ಹೋಗುವಾಗ ಕತ್ತರಿಸಿ ಹೋಗುತ್ತದೆ.

ಎರಡು, ನಿಜವಾದ ಚಿತ್ರ ಇದ್ದರೆ, ಅದು ಎಷ್ಟೇ ಮಸುಕಾಗಿರಲಿ, ಅದನ್ನೂ ಹಾಕಿ. ಚಿತ್ರವೇ ಇಲ್ಲದಿದ್ದರೆ "ಚಿತ್ರ ಇಲ್ಲ, ಹೀಗೆ ಪತ್ತೆ ಮಾಡಿದರು" ಅಂತ ಹೇಳಿ. 1977ರಲ್ಲಿ ಯುರೇನಸ್ ಗ್ರಹಕ್ಕೆ ಉಂಗುರ ಇದೆ ಅಂತ ಗೊತ್ತಾಗಿದ್ದು ಫೋಟೋದಿಂದ ಅಲ್ಲ. ಅದರ ಹಿಂದೆ ಹೋಗುತ್ತಿದ್ದ ನಕ್ಷತ್ರ ಕಣ್ಣು ಮಿಟುಕಿಸಿದ್ದರಿಂದ. ಬೆಂಗಳೂರಿನ ಸಂಸ್ಥೆಯದ್ದೇ ಆದ ಕಾವಲೂರು ವೀಕ್ಷಣಾಲಯದಲ್ಲೂ ಅಂಥ ಮಿಟುಕು ದಾಖಲಾಗಿತ್ತು. ಫೋಟೋ ಇಲ್ಲದಿದ್ದರೂ ಕತೆ ಎಷ್ಟು ಚೆನ್ನಾಗಿದೆ ನೋಡಿ.

ಮೂರು, "ಇರಬಹುದು" ಅನ್ನುವ ಪದವನ್ನ ಅನುವಾದದಲ್ಲಿ ಕೊಲ್ಲಬೇಡಿ. ಕನ್ನಡದಲ್ಲಿ "ಇರಬಹುದು", "ಅಂತೆ", "ಇದ್ದೀತು", "ಇರಲೂಬಹುದು" ಅಂತ ಅನುಮಾನಕ್ಕೆ ಎಷ್ಟು ಪದ ಬೇಕೋ ಅಷ್ಟಿವೆ. ಬಳಸೋಣ.

*

ಊರಿನ ಕತೆ ಮುಗಿಸುತ್ತೇನೆ. ಅವತ್ತು ರಾತ್ರಿ ಹೊಲದಿಂದ ವಾಪಸ್ ಬಂದು ಎಚ್‌ಆರ್ 8799ರ ನಿಜವಾದ ಚಿತ್ರ ಫೋನಿನಲ್ಲಿ ತೋರಿಸಿದೆ. ನಡುವೆ ಕಪ್ಪು, ಸುತ್ತ ನಾಲ್ಕು ಚುಕ್ಕಿ. ಸ್ವಲ್ಪ ಹೊತ್ತು ನೋಡಿ, "ಇಷ್ಟನ?" ಅಂದಳು. ಸುಳ್ಳು ಹೇಳುವುದಿಲ್ಲ, ನನಗೆ ಬೇಜಾರಾಯಿತು. ಆಮೇಲೆ ವರ್ಷ ವರ್ಷ ತೆಗೆದ ಚಿತ್ರಗಳನ್ನ ಪೋಣಿಸಿ ಮಾಡಿದ ಸಣ್ಣ ವಿಡಿಯೋ ತೋರಿಸಿದೆ. ನಾಲ್ಕೂ ಚುಕ್ಕಿ ನಿಧಾನಕ್ಕೆ ಸುತ್ತುತ್ತವೆ. ಅದನ್ನ ಆರೇಳು ಸಲ ನೋಡಿದಳು. "ಮಾಮಾ, ಇದು ಖರೇನ ತಿರಗತೈತಲ್ಲ!" ಅಂದಳು.

ಮರುದಿನ ಕಪ್ಪು ಡ್ರಾಯಿಂಗ್ ಶೀಟು ತಂದು, ನಾಲ್ಕು ಬಿಳಿ ಚುಕ್ಕಿ ಇಟ್ಟು, "ಇದು ಖರೇ ಫೋಟೋದ ನಕಲು" ಅಂತ ಬರೆದಳು. ಹಳೇ ಬಣ್ಣದ ಚಿತ್ರವನ್ನ ಕಿತ್ತೆಸೆಯಲಿಲ್ಲ, ಎರಡು ದಿನದ ಕೆಲಸ ಅದು. ಪಕ್ಕದಲ್ಲೇ ಇಟ್ಟು ಮೇಲೆ "ಇದು ಕಲ್ಪನೆ" ಅಂತ ಬರೆದಳು. ಚಮಕಿ ಎರಡಕ್ಕೂ ಹಚ್ಚಿದಳು :)

ಬಹುಮಾನ ಬರಲಿಲ್ಲ. ಅದು ಎಂದಿನಂತೆ ಥರ್ಮೋಕೋಲ್ ಜ್ವಾಲಾಮುಖಿಗೆ ಹೋಯಿತಂತೆ. ಆದರೆ ಅಕ್ಕ ಫೋನಿನಲ್ಲಿ ಹೇಳಿದ್ದು: ಬಂದವರೆಲ್ಲ ಕಪ್ಪು ಹಾಳೆ ನೋಡಿ "ಇದರಾಗ ಏನೈತಿ?" ಅಂತ ಕೇಳುತ್ತಿದ್ದರಂತೆ, ಇವಳು ಟ್ಯೂಬ್‌ಲೈಟಿಗೆ ಕೈ ಅಡ್ಡ ಹಿಡಿದು ತೋರಿಸಿ ತೋರಿಸಿ ಗಂಟಲು ಕಟ್ಟಿಸಿಕೊಂಡು ಬಂದಳಂತೆ. ಬಣ್ಣದ ಚಿತ್ರದ ಬಗ್ಗೆ ಯಾರೂ ಏನೂ ಕೇಳಲಿಲ್ಲವಂತೆ.

1906ರಲ್ಲಿ ತೀರಿಕೊಂಡ ನಮ್ಮೂರ ದೇಸಾಯಿಯವರು ತಮ್ಮ ಆಸ್ತಿಯನ್ನ ತಾವು ಎಂದೂ ನೋಡದ ಮಕ್ಕಳ ಓದಿಗೆ ಬಿಟ್ಟು ಹೋದರು. ನಾವು ಅಷ್ಟೆಲ್ಲ ಬಿಡುವುದು ಬೇಡ. ಒಂದು ಚಿತ್ರದ ಕೆಳಗೆ ಒಂದು ನಿಜವಾದ ಸಾಲು ಬರೆದರೆ ಸಾಕು.

ನೀವೇನಂತೀರಿ? ನಿಮ್ಮ ಹಳೇ ಬರಹಗಳಲ್ಲೂ ಇಂಥ ಬಣ್ಣದ ಗ್ರಹ ಇವೆಯಾ? ಬೈಯುವುದಿದ್ದರೂ ಬೈಯಿರಿ, ಕಾಮೆಂಟು ತೆರೆದೇ ಇದೆ. ಮತ್ತೆ ಮುಂದಿನ ಫೆಬ್ರವರಿಯಲ್ಲಿ ಅಗಸ್ತ್ಯನ ಬಲಕ್ಕೆ ಮೂರು ಬೆರಳು ಅಳೆದು ನೋಡುವುದನ್ನ ಮರೆಯಬೇಡಿ.